ಪಾತಾಳ ಎಂಬ ಪದ ಮತ್ತು ಪವಿತ್ರ ಶನಿವಾರ



ಪವಿತ್ರ ವಾರದ ಗುರುವಾರಕ್ಕೆ ಪಾದ ತೊಳೆಯುವ ವಿಧಿಯಿದೆ. ಶುಕ್ರವಾರಕ್ಕೆ ಶಿಲುಬೆಯ ಆರಾಧನೆಯಿದೆ. ಶನಿವಾರಕ್ಕೆ ಮಾತ್ರ ರಾತ್ರಿಯ ಪಾಸ್ಖ ಜಾಗರಣೆಯವರೆಗೆ ಏನೂ ಇಲ್ಲ. ಬಲಿಪೀಠದ ಮೇಲೆ ವಸ್ತ್ರವಿಲ್ಲ, ಪ್ರಸಾದ ಪೆಟ್ಟಿಗೆ ಬರಿದಾಗಿದೆ, ಗಂಟೆ ಬಾರಿಸುವುದಿಲ್ಲ. ತಾಯಂದಿರು ದೇವಾಲಯ ಗುಡಿಸಿ ತೊಳೆಯುತ್ತಾರೆ, ಯುವಕರು ರಾತ್ರಿಯ ಹೊಸ ಬೆಂಕಿಗಾಗಿ ಕಟ್ಟಿಗೆ ಒಟ್ಟುತ್ತಾರೆ. ಆ ಇಡೀ ಹಗಲು ಯೇಸುಸ್ವಾಮಿ ಎಲ್ಲಿದ್ದರು? ದೇಹ ಸಮಾಧಿಯಲ್ಲಿತ್ತು ಎಂದು ಶುಭಸಂದೇಶಗಳು ಹೇಳುತ್ತವೆ. ಅವರು ಎಲ್ಲಿದ್ದರು ಎಂಬುದಕ್ಕೆ ನಾವು ಜಪಸರ ಹಿಡಿದಾಗಲೆಲ್ಲಾ ಮೊದಲಿಗೆ ಹೇಳುವ ಪ್ರೇಷಿತರ ವಿಶ್ವಾಸ ಸಂಗ್ರಹವು ಒಂದೇ ಪದದಲ್ಲಿ ಉತ್ತರ ಕೊಡುತ್ತದೆ: ಪಾತಾಳ.

ಈ ಪದದ ಬಳಿ ನಮ್ಮ ಜನ ಎಡವುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವುದುಂಟು: ಪಾಪವೇ ಇಲ್ಲದವರು ನರಕಕ್ಕೆ ಏಕೆ ಹೋದರು? ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಈ ಸಂಶಯ ಇನ್ನೂ ಹೆಚ್ಚು. ಅವರು ಕಲಿಯುವ ಪಾಠದಲ್ಲಿ ‘ಹೆಲ್’ ಎಂದೇ ಇದೆ. ದೊಡ್ಡವರ ಪ್ರಶ್ನೆ ಬೇರೆ. ಅವರು ಅದನ್ನು ಎಲ್ಲರೆದುರು ಕೇಳುವುದಿಲ್ಲ. ಮೃತರ ಸ್ಮರಣೆಯ ದಿನ ಪೂಜೆ ಮುಗಿದ ಮೇಲೆ, ಮನೆ ಆಶೀರ್ವಾದಕ್ಕೆ ಹೋದಾಗ ಗೋಡೆಯ ಮೇಲಿನ ಹಳೆಯ ಭಾವಚಿತ್ರ ತೋರಿಸುತ್ತಾ ಮೆಲ್ಲಗೆ ಕೇಳುತ್ತಾರೆ. ಕಾಳಗಿ, ಸೇಡಂ, ಚಿಂಚೋಳಿಯ ಕಡೆ ಎಷ್ಟೋ ಕುಟುಂಬಗಳಲ್ಲಿ ವಿಶ್ವಾಸ ಬಂದು ಒಂದೆರಡು ತಲೆಮಾರುಗಳಷ್ಟೇ ಆಗಿವೆ. ನಮ್ಮ ಧರ್ಮಕ್ಷೇತ್ರವೇ 2005ರಲ್ಲಿ ಹುಟ್ಟಿದ್ದು. ‘ಫಾದರ್, ಜ್ಞಾನಸ್ನಾನವಿಲ್ಲದೆ ತೀರಿಹೋದ ನಮ್ಮ ಅಜ್ಜ ಈಗ ಎಲ್ಲಿದ್ದಾನೆ?’

ಮಕ್ಕಳ ಪ್ರಶ್ನೆಗೂ ದೊಡ್ಡವರ ಪ್ರಶ್ನೆಗೂ ಉತ್ತರ ಇದೇ ಪದದೊಳಗಿದೆ. ಆದ್ದರಿಂದ ಈ ಪಾಸ್ಖ ಹಬ್ಬದಲ್ಲಿ ಆ ಪದದ ಚರಿತ್ರೆಯನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಕನ್ನಡ ಬೈಬಲಿನಲ್ಲಿ ‘ಪಾತಾಳ’ ಎಂದು ಇರುವ ಕಡೆ ಮೂಲದಲ್ಲಿರುವ ಪದ ‘ಹೇಡೀಸ್’. ಇದು ಗ್ರೀಕ್ ಪುರಾಣದಿಂದ ಬಂದ ಪದ. ಅದೂ ಮೊದಲಿಗೆ ಜಾಗದ ಹೆಸರಲ್ಲ, ಒಬ್ಬ ದೇವತೆಯ ಹೆಸರು. ಹೋಮರನ ಕಾವ್ಯದಲ್ಲಿ ಮೂವರು ಅಣ್ಣತಮ್ಮಂದಿರು ಚೀಟಿ ಎತ್ತಿ ಲೋಕವನ್ನು ಪಾಲು ಮಾಡಿಕೊಳ್ಳುತ್ತಾರೆ. ಜ್ಯೂಸನಿಗೆ ಆಕಾಶ, ಪೊಸೈಡನನಿಗೆ ಸಮುದ್ರ, ಹೇಡೀಸನಿಗೆ ನೆಲದಡಿಯ ಕತ್ತಲು. ಸತ್ತವರು ‘ಹೇಡೀಸನ ಮನೆಗೆ’ ಹೋದರು ಎನ್ನುವುದು ರೂಢಿಯಾಯಿತು. ನಾವು ‘ಗೌಡರಲ್ಲಿಗೆ ಹೋದ’ ಎಂದು ಮನೆ ಎಂಬ ಪದವನ್ನು ಬಿಟ್ಟೇ ಹೇಳುವಂತೆ ಅವರೂ ಮನೆಯನ್ನು ಬಿಟ್ಟರು. ಕ್ರಮೇಣ ಒಡೆಯನ ಹೆಸರೇ ಊರಿನ ಹೆಸರಾಯಿತು.

ಹೆಸರಿನ ಅರ್ಥವೇನು? ಗ್ರೀಕರು ಸಾಮಾನ್ಯವಾಗಿ ಹೇಳುತ್ತಿದ್ದ ಅರ್ಥ ‘ಕಾಣದವನು’. ಆತನಿಗೆ ಒಂದು ಟೊಪ್ಪಿಗೆ ಇತ್ತಂತೆ, ಅದನ್ನು ಧರಿಸಿದವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪ್ಲೇಟೋ ತನ್ನ ‘ಕ್ರಾಟಿಲಸ್’ ಎಂಬ ಸಂವಾದದಲ್ಲಿ ಸಾಕ್ರೆಟಿಸನ ಬಾಯಿಂದ ಇನ್ನೊಂದು ಅರ್ಥ ಹೇಳಿಸುತ್ತಾನೆ: ಎಲ್ಲ ಒಳ್ಳೆಯದನ್ನೂ ‘ಬಲ್ಲವನು’. ಇಂದಿನ ಭಾಷಾಶಾಸ್ತ್ರಜ್ಞರಲ್ಲಿ ಈ ವಿಷಯದಲ್ಲಿ ಒಮ್ಮತವಿಲ್ಲ. ಅದೇ ಸಂವಾದದಲ್ಲಿ ನಮಗೆ ಹಿಡಿಸಿದ ಮಾತು ಬೇರೊಂದಿದೆ. ಜನರಿಗೆ ಆ ಹೆಸರೆತ್ತಲು ಭಯ, ಅದಕ್ಕೇ ಆತನನ್ನು ಪ್ಲೂಟೋ ಎಂದು ಕರೆಯುತ್ತಾರೆ ಎನ್ನುತ್ತಾನೆ ಸಾಕ್ರೆಟಿಸ್. ಪ್ಲೂಟೋ ಎಂದರೆ ಸಂಪತ್ತುಳ್ಳವನು. (2006ರಲ್ಲಿ ಗ್ರಹಗಳ ಪಟ್ಟಿಯಿಂದ ಕೆಳಗಿಳಿದ ಪ್ಲೂಟೋ ಇದೇ ಹೆಸರಿನದು ಎಂದು ಶಾಲಾಮಕ್ಕಳು ಗಮನಿಸಲಿ.)

ಸತ್ತವರ ಒಡೆಯನಿಗೆ ಸಂಪತ್ತಿನ ಹೆಸರೇಕೆ ಎಂದು ಬೇರೆ ಕಡೆಯವರಿಗೆ ವಿವರಿಸಬೇಕಾದೀತು, ನಮ್ಮ ಭಾಗದವರಿಗೆ ಬೇಕಿಲ್ಲ. ಶಹಾಬಾದಿನ ಫರ್ಸಿಕಲ್ಲು, ವಾಡಿ ಮತ್ತು ಸೇಡಂಗಳ ಸಿಮೆಂಟಿಗೆ ಬೇಕಾಗುವ ಸುಣ್ಣದಕಲ್ಲು ಎಲ್ಲವೂ ನೆಲದಡಿಯ ಭಾಗ್ಯವೇ. ಇನ್ನೂ ಹತ್ತಿರದ ಉದಾಹರಣೆ ಹಗೇವು. ನೆಲದೊಳಗೆ ತೋಡಿದ ಆ ಕಣಜದಲ್ಲಿ ನಮ್ಮ ಹಿರಿಯರು ಜೋಳ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಕಾಯ್ದಿಡುತ್ತಿದ್ದರು. ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆಂದು ಬಲ್ಲವರು ಅದು ಹೋಗುವವರೆಗೆ ಕಾಯುತ್ತಿದ್ದರು. ಅನ್ನವೂ ಸಾವೂ ಒಂದೇ ಗುಂಡಿಯಲ್ಲಿ. ಗ್ರೀಕರ ಕಥೆಯಲ್ಲಿ ಧಾನ್ಯದೇವತೆಯ ಮಗಳನ್ನು ಹೇಡೀಸನು ಕೆಳಗೆ ಕೊಂಡೊಯ್ಯುತ್ತಾನೆ, ಆಕೆ ವರ್ಷಕ್ಕೊಮ್ಮೆ ಮೇಲೆ ಬಂದಾಗ ಹೊಲ ಹಸಿರಾಗುತ್ತದೆ. ಬಿತ್ತಿದ ಕಾಳು ಮಣ್ಣಿನಲ್ಲಿ ಮರೆಯಾಗಿ ತಿರುಗಿ ಬರುವುದನ್ನು ಕಂಡ ಜನ ಕಟ್ಟಿದ ಕಥೆ ಇದು. ಅದು ಪುರಾಣ. ಆದರೆ ಕಾಳು ಮಣ್ಣಿಗೆ ಬಿದ್ದು ಸಾಯಬೇಕೆಂದು ಯೇಸುಸ್ವಾಮಿಯೂ ಹೇಳಿದ್ದಾರೆಂಬುದನ್ನು (ಯೊವಾನ್ನ 12:24) ಇಲ್ಲಿ ನೆನೆಯದೆ ಇರಲಾಗದು.

ಒಂದು ಅಂಶ ಮುಖ್ಯ. ಹೋಮರನ ಹೇಡೀಸಿಗೆ ಒಳ್ಳೆಯವರೂ ಕೆಟ್ಟವರೂ ಎಲ್ಲರೂ ಹೋಗುತ್ತಾರೆ. ಮಹಾವೀರ ಅಕಿಲೀಸನೂ ಅಲ್ಲೇ ಇದ್ದಾನೆ. ಸತ್ತವರಿಗೆಲ್ಲ ಅರಸನಾಗುವುದಕ್ಕಿಂತ ಭೂಮಿಯ ಮೇಲೆ ಬಡವನೊಬ್ಬನ ಮನೆಯ ಕೂಲಿಯಾಳಾಗಿರುವುದೇ ಮೇಲು ಎಂದು ಆತ ಹಲುಬುತ್ತಾನೆ. ದುಷ್ಟರಿಗೆ ಶಿಕ್ಷೆಯ ಜಾಗ ಬೇರೆಯೇ ಇತ್ತು, ಅದರ ಹೆಸರು ಟಾರ್ಟರಸ್. ಅದರ ಆಳವನ್ನು ಹೆಸಿಯಡ್ ಎಂಬ ಕವಿ ಲೆಕ್ಕ ಹಾಕಿಯೇ ಹೇಳಿದ್ದಾನೆ: ಕಂಚಿನ ಅಡಿಗಲ್ಲೊಂದನ್ನು ಆಕಾಶದಿಂದ ಬಿಟ್ಟರೆ ಒಂಬತ್ತು ಹಗಲು ಒಂಬತ್ತು ರಾತ್ರಿ ಬಿದ್ದು ಹತ್ತನೆಯ ದಿನ ಭೂಮಿ ಮುಟ್ಟುತ್ತದೆ, ಭೂಮಿಯಿಂದ ಟಾರ್ಟರಸಿಗೆ ಮತ್ತೆ ಅಷ್ಟೇ ದಿನ.

ಈ ಪುರಾಣದ ಪದ ಪವಿತ್ರ ಗ್ರಂಥದೊಳಗೆ ಬಂದ ಬಗೆ ನಮ್ಮ ನೆಲಕ್ಕೂ ಸ್ವಲ್ಪ ತಾಗುತ್ತದೆ. ಕಾಳಗಿ ಮೊದಲು ಸೇರಿದ್ದ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಡದಲ್ಲಿ ಸನ್ನತಿ ಇದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಮೂರ್ತಿಯೊಂದರ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಸಿಕ್ಕವು. ಅದರಲ್ಲಿ 12ನೆಯ ಶಾಸನವಿದೆ. ಅನ್ಯಮತಗಳನ್ನು ಗೌರವಿಸಬೇಕೆಂದು ಹೇಳುವ ಶಾಸನ ಅದು. ಬೇರೆ ಕಡೆಗಳಲ್ಲಿ ದೊರೆತ 13ನೆಯ ಶಾಸನದಲ್ಲಿ ಅಶೋಕನು ತನಗೆ ಸಮಕಾಲೀನರಾದ ಐವರು ಯವನ ರಾಜರನ್ನು ಹೆಸರಿಸುತ್ತಾನೆ. ಅವರಲ್ಲಿ ‘ತುಲಮಯ’ ಎಂಬವನೊಬ್ಬ. ವಿದ್ವಾಂಸರು ಇವನನ್ನು ಈಜಿಪ್ಟನ್ನು ಆಳುತ್ತಿದ್ದ ಎರಡನೆಯ ಟಾಲೆಮಿ ಎಂದು ಗುರುತಿಸಿದ್ದಾರೆ. ಇದೇ ಟಾಲೆಮಿಯ ಕಾಲದಲ್ಲಿ, ಅವನ ರಾಜಧಾನಿ ಅಲೆಕ್ಸಾಂಡ್ರಿಯದಲ್ಲಿ, ಯೆಹೂದ್ಯರ ಧರ್ಮಶಾಸ್ತ್ರವನ್ನು ಹೀಬ್ರೂವಿನಿಂದ ಗ್ರೀಕಿಗೆ ಅನುವಾದಿಸುವ ಕೆಲಸ ಆರಂಭವಾಯಿತೆಂದು ಪರಂಪರೆ ಹೇಳುತ್ತದೆ. ಅನುವಾದಕರು 72 ಮಂದಿ ಎಂಬ ಕಥೆಯಿಂದ ಅದಕ್ಕೆ ‘ಎಪ್ಪತ್ತರ ಅನುವಾದ’ ಎಂಬ ಹೆಸರು. ಅಂದರೆ ಭೀಮಾ ತೀರದಲ್ಲಿ ಕಲ್ಲು ಕೊರೆಯುತ್ತಿದ್ದ ಸುಮಾರು ಅದೇ ಕಾಲದಲ್ಲಿ, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ, ನೈಲ್ ನದಿಯ ಮುಖದಲ್ಲಿ ಕೆಲವು ಹಿರಿಯರು ಒಂದು ಪದಕ್ಕಾಗಿ ತಲೆ ಕೆರೆದುಕೊಳ್ಳುತ್ತಿದ್ದರು.

ಆ ಪದ ‘ಶೆಯೋಲ್’. ಹಳೆಯ ಒಡಂಬಡಿಕೆಯಲ್ಲಿ ಇದು ಸುಮಾರು 65 ಬಾರಿ ಬರುತ್ತದೆ. ಮಗ ಜೋಸೆಫನು ಸತ್ತನೆಂದು ನಂಬಿದ ಯಕೋಬನು, ತಾನೂ ಅಳುತ್ತಲೇ ಮಗನ ಬಳಿಗೆ ಶೆಯೋಲಿಗೆ ಇಳಿದು ಹೋಗುತ್ತೇನೆ ಎನ್ನುತ್ತಾನೆ (ಆದಿಕಾಂಡ 37:35). ಯಕೋಬನು ನರಕಕ್ಕೆ ಹೋಗಲು ಬಯಸಿದನೇ? ಖಂಡಿತ ಇಲ್ಲ. ದೊಡ್ಡವನೂ ಚಿಕ್ಕವನೂ, ದಣಿಯೂ ಆಳೂ ಒಟ್ಟಿಗೆ ಮಲಗಿರುವ ಜಾಗ ಅದು (ಯೋಬ 3:19). ಅಲ್ಲಿ ಬೆಂಕಿಯಿಲ್ಲ, ಬೆಳಕೂ ಇಲ್ಲ. ದೇವರನ್ನು ಸ್ತುತಿಸುವವರಿಲ್ಲವಲ್ಲಾ ಎಂಬುದೇ ಕೀರ್ತನಕಾರನ ಅಳಲು (ಕೀರ್ತನೆ 6:5). ಗ್ರೀಕಿನಲ್ಲಿ ಇದಕ್ಕೆ ಸಮನಾದ ಪದ ಹುಡುಕಿದ ಅನುವಾದಕರು ಟಾರ್ಟರಸನ್ನು ಬಿಟ್ಟು ಹೇಡೀಸನ್ನು ಆರಿಸಿಕೊಂಡರು. ಮೂರ್ತಿಪೂಜೆಯನ್ನು ಅಷ್ಟು ಕಟುವಾಗಿ ವಿರೋಧಿಸುತ್ತಿದ್ದ ಜನ ಒಂದು ಪುರಾಣದೇವತೆಯ ಹೆಸರನ್ನು ದೇವರ ವಾಕ್ಯದೊಳಗೆ ಬರೆಯಲು ಹಿಂಜರಿಯಲಿಲ್ಲ. ದೇವತೆ ಬಿಟ್ಟುಹೋಯಿತು, ಮನೆ ಉಳಿಯಿತು.

ಹೊಸ ಒಡಂಬಡಿಕೆ ಬರೆದವರು ಈ ಪದವನ್ನು ಹಾಗೆಯೇ ಎತ್ತಿಕೊಂಡರು. ಹೇಡೀಸ್ ಅಲ್ಲಿ ಹತ್ತು ಕಡೆ ಬರುತ್ತದೆ. ಟಾರ್ಟರಸ್ ಒಂದೇ ಒಂದು ಕಡೆ, ಪಾಪ ಮಾಡಿದ ದೂತರನ್ನು ಕುರಿತು, ಕ್ರಿಯಾಪದದ ರೂಪದಲ್ಲಿ (2 ಪೇತ್ರ 2:4). ಆದರೆ ಯೇಸುಸ್ವಾಮಿ ನಿತ್ಯಶಿಕ್ಷೆಯ ಬಗ್ಗೆ ಎಚ್ಚರಿಸುವಾಗ ಬಳಸಿದ ಪದ ಇವೆರಡೂ ಅಲ್ಲ, ಅದು ‘ಗೆಹೆನ್ನ’. ಇದಕ್ಕೂ ಗ್ರೀಕ್ ಪುರಾಣಕ್ಕೂ ಸಂಬಂಧವಿಲ್ಲ. ಜೆರುಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆಯೇ ಗೆಹೆನ್ನ. ದುಷ್ಟ ಅರಸರು ತಮ್ಮ ಮಕ್ಕಳನ್ನೇ ಬೆಂಕಿಗೆ ಬಲಿಕೊಟ್ಟ ಜಾಗ ಅದು. ಅರಸ ಯೋಷೀಯನು ಅದನ್ನು ಹೊಲೆಮಾಡಿ ಆ ಘೋರವನ್ನು ನಿಲ್ಲಿಸಿದ (2 ಅರಸುಗಳು 23:10). ಗೆಹೆನ್ನ ಎಂಬ ಪದ ಹೊಸ ಒಡಂಬಡಿಕೆಯಲ್ಲಿ 12 ಬಾರಿ ಬರುತ್ತದೆ, 11 ಬಾರಿ ಯೇಸುಸ್ವಾಮಿಯ ಬಾಯಿಂದಲೇ. ಆದ್ದರಿಂದ ನರಕವಿಲ್ಲ ಎಂದು ನಾವು ಬೋಧಿಸುತ್ತಿಲ್ಲ. ನರಕವುಂಟು. ಅದು ಹೇಡೀಸ್ ಅಲ್ಲ, ಅಷ್ಟೆ. ಪ್ರಕಟನೆ ಗ್ರಂಥದ ಕೊನೆಯಲ್ಲಿ ಹೇಡೀಸ್ ತನ್ನಲ್ಲಿದ್ದ ಸತ್ತವರನ್ನೆಲ್ಲ ಒಪ್ಪಿಸುತ್ತದೆ, ಆಮೇಲೆ ಅದನ್ನೇ ಬೆಂಕಿಯ ಕೆರೆಗೆ ಎಸೆಯಲಾಗುತ್ತದೆ (20:13-14). ಹೇಡೀಸೇ ನರಕವಾಗಿದ್ದರೆ ನರಕವನ್ನು ನರಕಕ್ಕೆ ಎಸೆಯುವುದು ಹೇಗೆ?

ಹಾಗಾದರೆ ಗೊಂದಲ ಎಲ್ಲಿಂದ ಬಂತು? ಹೆಚ್ಚಿನ ಪಾಲು ಭಾಷಾಂತರದಿಂದ. ಲತೀನಿನಲ್ಲಿ ‘ಇನ್ಫೆರಿ’ ಎಂದರೆ ಕೆಳಗಿನವರು, ನೆಲದಡಿಯವರು ಎಂದಷ್ಟೇ ಅರ್ಥ. ವಿಶ್ವಾಸ ಸಂಗ್ರಹದಲ್ಲಿ ಇರುವುದು ಅದೇ ಪದ. ಸುಮಾರು 404ರಲ್ಲಿ ರುಫೀನಸ್ ಎಂಬ ಗುರುಗಳು, ಈ ಮಾತು ತಮ್ಮ ಅಕ್ವಿಲೇಯ ಊರಿನ ಸಂಗ್ರಹದಲ್ಲಿದೆ, ರೋಮಿನದರಲ್ಲಿ ಇಲ್ಲ ಎಂದು ಬರೆದಿದ್ದಾರೆ. ಮುಂದೆ ಅದು ಎಲ್ಲ ಕಡೆ ಸೇರಿತು. ಇಂಗ್ಲಿಷಿನವರು ಬಳಸಿದ ‘ಹೆಲ್’ ಕೂಡ ಮೂಲದಲ್ಲಿ ‘ಮುಚ್ಚು, ಮರೆಮಾಡು’ ಎಂಬ ಧಾತುವಿನಿಂದ ಬಂದದ್ದು, ಅಂದರೆ ‘ಕಾಣದ ಜಾಗ’. ಆದರೆ 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ ಹೇಡೀಸ್, ಗೆಹೆನ್ನ, ಟಾರ್ಟರಸ್ ಮೂರಕ್ಕೂ ಅದೊಂದೇ ಪದವನ್ನು ಹಾಕಿತು. ಮೂರು ಬೇರೆ ಬೇರೆ ಬಾವಿಗಳ ನೀರು ಒಂದೇ ಕೊಡಕ್ಕೆ ಬಿತ್ತು.

ನಮ್ಮ ಕನ್ನಡ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಪುಣ್ಯವಂತ ಭಾಷೆ ಎನ್ನುವುದು ನಮ್ಮ ಅಭಿಪ್ರಾಯ. 19ನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರಿಂದ ಹಿಡಿದು ಇಂದಿನವರೆಗೆ ಕನ್ನಡ ಬೈಬಲಿಗೆ ಅನೇಕರು ದುಡಿದಿದ್ದಾರೆ. ಇಂದು ನಮ್ಮ ಕೈಯಲ್ಲಿರುವ ಬೈಬಲಿನಲ್ಲಿ ಗೆಹೆನ್ನಕ್ಕೆ ನರಕ, ಹೇಡೀಸಿಗೆ ಪಾತಾಳ ಎಂಬ ವ್ಯತ್ಯಾಸ ಉಳಿದಿದೆ. ಪಾತಾಳವು ಈ ನಾಡಿನ ಪುರಾಣದ ಪದವೇ. ಅತಲ, ವಿತಲ, ಸುತಲ ಎಂದು ಎಣಿಸುವ ಏಳು ಅಧೋಲೋಕಗಳಲ್ಲಿ ಕೊನೆಯದು. ಪುರಾಣಗಳಲ್ಲಿ ಅದು ಶಿಕ್ಷೆಯ ಜಾಗವಲ್ಲ, ಯಮನ ನರಕ ಬೇರೆಯೇ ಇದೆ. ಬಲಿ ಚಕ್ರವರ್ತಿಯನ್ನು ತುಳಿದದ್ದು ಪಾತಾಳಕ್ಕೆ. ವರ್ಷಕ್ಕೊಮ್ಮೆ ಆತ ಮೇಲೆ ಬರುತ್ತಾನೆಂದು ನಮ್ಮ ನೆರೆಹೊರೆಯವರು ದೀಪಾವಳಿಯ ಬಲಿಪಾಡ್ಯಮಿ ಆಚರಿಸುತ್ತಾರೆ. ಕೆಳಗಿಳಿದವರು ಮೇಲೆ ಬರಬಲ್ಲರು ಎಂಬ ನೆನಪು ಕನ್ನಡದ ಈ ಪದದೊಳಗೆ ಮೊದಲೇ ಇತ್ತು. ಅಲೆಕ್ಸಾಂಡ್ರಿಯದ ಹಿರಿಯರು ಮಾಡಿದ್ದನ್ನೇ ನಮ್ಮ ಅನುವಾದಕರೂ ಮಾಡಿದರು: ನೆಲದ ಪದವನ್ನು ಎತ್ತಿಕೊಂಡು ದೇವರ ವಾಕ್ಯಕ್ಕೆ ಒಪ್ಪಿಸಿದರು. ಗಡಿಯಾಚೆಯ ತೆಲುಗು ಪ್ರೊಟೆಸ್ಟೆಂಟ್ ಸಹೋದರರು ಈ ಜಾಗದಲ್ಲಿ ‘ಅದೃಶ್ಯಲೋಕ’ ಎನ್ನುವುದುಂಟು. ಅದು ‘ಕಾಣದವನು’ ಎಂಬ ಗ್ರೀಕ್ ಅರ್ಥಕ್ಕೆ ತೀರಾ ಸಮೀಪ. ಆದರೂ ನಮಗೆ ಪಾತಾಳವೇ ಇಷ್ಟ. ಅದರಲ್ಲಿ ಆಳವಿದೆ.

ಇನ್ನು ಯೇಸುಸ್ವಾಮಿ ಅಲ್ಲಿಗೆ ಇಳಿದದ್ದು ಏಕೆ? ಮೊದಲ ಉತ್ತರ ಸರಳ: ಅವರು ನಿಜವಾಗಿ ಸತ್ತರು. ಸತ್ತವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೇ ಹೋದರು. ಸಾಯುವ ಮನುಷ್ಯನಿಗೆ ಆಗುವ ಯಾವುದೂ ಅವರಿಗೆ ತಪ್ಪಲಿಲ್ಲ. ಪಂಚಾಶತ್ತಮ ದಿನದ ಪ್ರಬೋಧನೆಯಲ್ಲಿ ಸಂತ ಪೇತ್ರರು, ದೇವರು ಅವರನ್ನು ಪಾತಾಳದಲ್ಲೇ ಬಿಟ್ಟುಬಿಡಲಿಲ್ಲ ಎಂದು ಸಾರುತ್ತಾರೆ (ಪ್ರೇಷಿತರ ಕಾರ್ಯಕಲಾಪಗಳು 2:31). ಎರಡನೆಯ ಉತ್ತರ ಅದೇ ಪೇತ್ರರ ಪತ್ರದಲ್ಲಿದೆ. ಸೆರೆಯಲ್ಲಿದ್ದ ಆತ್ಮಗಳ ಬಳಿಗೆ ಹೋಗಿ ಸಾರಿದರು (1 ಪೇತ್ರ 3:19), ಸತ್ತವರಿಗೂ ಶುಭಸಂದೇಶ ತಲುಪಿತು (4:6). ಅವರು ಅಲ್ಲಿಗೆ ಸತ್ತವರಂತೆ ಹೋದರು, ಹೋಗಿ ಒಡೆಯನಂತೆ ಬಾಗಿಲು ಮುರಿದರು.

ಬಾಗಿಲಿನ ಮಾತು ಬಂತು. ಪಾತಾಳದ ಬಾಗಿಲುಗಳು ಧರ್ಮಸಭೆಯನ್ನು ಸೋಲಿಸಲಾರವು ಎಂಬ ಅರ್ಥದ ವಾಗ್ದಾನವನ್ನು (ಮತ್ತಾಯ 16:18) ಕೇಳಿದಾಗ, ಶತ್ರು ನಮ್ಮ ಮೇಲೆ ಏರಿ ಬರುತ್ತಿದ್ದಾನೆ, ನಾವು ಒಳಗೆ ಕುಳಿತು ತಡೆಯುತ್ತಿದ್ದೇವೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ಕಾಗಿಣಾ ದಡದ ಮಳಖೇಡದ ಕೋಟೆಯನ್ನು ನೋಡಿದವರು ಯೋಚಿಸಲಿ: ಕೋಟೆಯ ಬಾಗಿಲು ಎಂದಾದರೂ ಎದ್ದು ಹೋಗಿ ಯಾರ ಮೇಲಾದರೂ ದಾಳಿ ಮಾಡಿದ್ದುಂಟೇ? ಊರಿನ ಅಗಸಿ ನಿಂತಲ್ಲೇ ನಿಲ್ಲುತ್ತದೆ. ಮುತ್ತಿಗೆ ಹಾಕುವುದು ಹೊರಗಿನವರು. ಇಲ್ಲಿ ಮುತ್ತಿಗೆ ಹಾಕಿದವರು ಕ್ರಿಸ್ತರು. ಆ ಮಾತನ್ನು ಅವರು ಹೇಳಿದ್ದು ಫಿಲಿಪ್ಪನ ಕೈಸರೇಯದ ಕಡೆ. ಅಲ್ಲಿ ಗ್ರೀಕರ ಪಾನ್ ದೇವತೆಯ ಗುಹೆಯಿತ್ತು. ಅದರೊಳಗಿನ ನೀರಿನ ಆಳವನ್ನು ಎಷ್ಟು ಹಗ್ಗ ಬಿಟ್ಟರೂ ಅಳೆಯಲಾಗದು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಹಗ್ಗವೆಂದಾಗ ನಮ್ಮ ಹಳ್ಳಿಗಳ ಪಾತಾಳಗರಡಿ ನೆನಪಾಗುತ್ತದೆ. ಕೊಡ ಹಗ್ಗ ಕಡಿದು ಬಾವಿಗೆ ಬಿದ್ದರೆ ಕೊಕ್ಕೆಗಳ ಈ ಗೊಂಚಲನ್ನು ಕೆಳಗಿಳಿಸಿ, ತಳದ ಕೆಸರಿನಲ್ಲಿ ಎಳೆದಾಡಿ, ಬಿದ್ದುದನ್ನು ಮೇಲೆತ್ತುತ್ತಿದ್ದರು. ನಲ್ಲಿ ಬಂದ ಮೇಲೆ ಅದು ಅಟ್ಟ ಸೇರಿದೆ, ಇಂದಿನ ಮಕ್ಕಳು ಕಂಡಿರಲಾರರು. ಮೇಲೆ ನಿಂತವರಿಗೆ ಬಾವಿಯ ತಳ ಕಾಣುವುದಿಲ್ಲ. ಕೊಕ್ಕೆಗೆ ಏನು ತಾಗಿತು ಎಂಬುದು ಕೈಗೆ ಮಾತ್ರ ಗೊತ್ತಾಗುತ್ತದೆ. ಕೆಲವೊಮ್ಮೆ ಯಾರೋ ಯಾವಾಗಲೋ ಕಳೆದುಕೊಂಡು ಮರೆತೇಬಿಟ್ಟ ಚೊಂಬೂ ಮೇಲೆ ಬರುತ್ತಿತ್ತು. ಪವಿತ್ರ ಶನಿವಾರದ ಬಗ್ಗೆ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಹೋಲಿಕೆ ನಮಗೆ ಸಿಕ್ಕಿಲ್ಲ.

ಅಜ್ಜನ ಪ್ರಶ್ನೆಗೆ ಬರೋಣ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (633) ಸ್ಪಷ್ಟವಾಗಿ ತಿಳಿಸುವಂತೆ, ಕ್ರಿಸ್ತರು ಇಳಿದದ್ದು ಶಾಪಗ್ರಸ್ತರ ನರಕವನ್ನು ನಾಶಮಾಡಲು ಅಲ್ಲ, ತಮಗಿಂತ ಮೊದಲು ಹೋದ ನೀತಿವಂತರನ್ನು ಬಿಡಿಸಲು. ಆ ನೀತಿವಂತರಲ್ಲಿ ಯಾರಿಗೂ ನಮ್ಮಂತೆ ಜ್ಞಾನಸ್ನಾನವಾಗಿರಲಿಲ್ಲ. ಯೇಸು ಎಂಬ ಹೆಸರು ಅಬ್ರಹಾಮನಿಗೆ ಗೊತ್ತಿರಲಿಲ್ಲ. ಕ್ರಿಸ್ತರ ನಂತರ ಬಾಳಿ, ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ಮನಸ್ಸಾಕ್ಷಿಯ ಕರೆಯಂತೆ ದೇವರನ್ನು ಅರಸಿದವರೂ ದೇವರ ಕೃಪೆಯಿಂದ ರಕ್ಷಣೆ ಪಡೆಯಬಲ್ಲರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡ ಹಸುಗೂಸುಗಳ ವಿಷಯದಲ್ಲೂ ನಿರೀಕ್ಷೆಗೆ ಬಲವಾದ ಕಾರಣಗಳಿವೆ ಎಂದು 2007ರಲ್ಲಿ ವಿಶ್ವಗುರು 16ನೆಯ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ ಪ್ರಕಟವಾದ ದೈವಶಾಸ್ತ್ರ ಆಯೋಗದ ದಾಖಲೆ ಹೇಳುತ್ತದೆ. ಎದೆಗವಚಿದ ಕೂಸನ್ನು ಕಳೆದುಕೊಂಡ ತಾಯಂದಿರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು. ಹಳೆಯ ಕಾಲದವರು ಅವರನ್ನು ಹೆದರಿಸಿದ್ದು ಸಾಕು.

ಆದುದರಿಂದ, ಅಜ್ಜನು ಎಲ್ಲಿದ್ದಾನೆಂದು ನಕ್ಷೆ ಬರೆದು ತೋರಿಸಲು ಯಾವ ಗುರುವಿಗೂ ಆಗದು. ಆದರೆ ಆತ ಹೋದ ದಾರಿಯಲ್ಲಿ ಕ್ರಿಸ್ತರು ಮೊದಲೇ ನಡೆದಿದ್ದಾರೆ ಎಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಆತನಿಗಾಗಿ ಪ್ರಾರ್ಥಿಸಬಹುದೇ? ಅವಶ್ಯವಾಗಿ. ಪೂಜೆಯ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸವು ದೇವರಿಗೆ ಮಾತ್ರ ಗೊತ್ತೋ ಅಂಥ ಮೃತರನ್ನೂ ಧರ್ಮಸಭೆ ನೆನೆಯುತ್ತದೆ. ಆ ಸಾಲಿನ ಬಳಿ ಮನಸ್ಸಿನಲ್ಲಿ ಆತನ ಹೆಸರು ಹೇಳಿರಿ.

ಪೂರ್ವದ ಧರ್ಮಸಭೆಗಳಲ್ಲಿ ಪಾಸ್ಖ ಹಬ್ಬದ ಚಿತ್ರವೆಂದರೆ ಈ ಅವರೋಹಣವೇ. ಇಸ್ತಾಂಬುಲ್ ನಗರದ ಖೋರಾ ದೇವಾಲಯದಲ್ಲಿ 14ನೆಯ ಶತಮಾನದ ಆರಂಭದಲ್ಲಿ ಬಿಡಿಸಿದ ಭಿತ್ತಿಚಿತ್ರ ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಕ್ರಿಸ್ತರು ಬಿಳಿಯ ಉಡುಪಿನಲ್ಲಿ ನಿಂತಿದ್ದಾರೆ. ಕಾಲ ಕೆಳಗೆ ಮುರಿದು ಬಿದ್ದ ಪಾತಾಳದ ಬಾಗಿಲುಗಳು, ಚೆಲ್ಲಾಡಿದ ಬೀಗ ಕೀಲಿಗಳು. ಒಂದು ಕೈಯಿಂದ ಆದಾಮನನ್ನು, ಇನ್ನೊಂದರಿಂದ ಹವ್ವಳನ್ನು ಸಮಾಧಿಯಿಂದ ಎಳೆಯುತ್ತಿದ್ದಾರೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಅಂಗೈ ಹಿಡಿದರೆ ಆಚೆಯವರೂ ಹಿಡಿಯಬೇಕು. ಸತ್ತವರಿಗೆ ಆ ಬಲವಿಲ್ಲ. ಆದಾಮನ ಹಿಂದೆ ಅರಸ ದಾವೀದ, ಸೊಲೊಮೋನ, ಸ್ನಾನಿಕ ಯೊವಾನ್ನ. ಹವ್ವಳ ಕಡೆ ಕೈಯಲ್ಲಿ ಕುರುಬನ ಕೋಲು ಹಿಡಿದ ಒಬ್ಬ ಯುವಕ. ಅವನೇ ಹಾಬೇಲ, ಭೂಮಿಯ ಮೇಲೆ ಮೊದಲು ಸತ್ತವನು, ಎಲ್ಲರಿಗಿಂತ ಹೆಚ್ಚು ಕಾಲ ಪಾತಾಳದಲ್ಲಿ ಕಾದವನು. ಧರ್ಮಶಾಸ್ತ್ರ ಬರುವ ಮೊದಲು, ಅಬ್ರಹಾಮನೊಂದಿಗಿನ ಒಡಂಬಡಿಕೆಗೂ ಮೊದಲು ಬದುಕಿದವನು. ಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಗುರುಗಳು ಇಂದಿಗೂ ಅವನ ಹೆಸರನ್ನು ನೀತಿವಂತನೆಂದು ಕರೆದು ಪೀಠದ ಮುಂದೆ ಉಚ್ಚರಿಸುತ್ತಾರೆ.